ಕೆಳಗಿಳಿಯುವ ಲಿಲಾವು

ಉಲ್ಲಾಸ ನಾಯ್ಕರು ಒಂದು ಸಿಹಿಗುಂಬಳಕಾಯಿಗೆ ಅರವತ್ತೆರಡು ಸಾವಿರ ರೂಪಾಯಿ ಕೂಗಿದ ಸಂಗತಿ ಕೋಲಸಿರ್ಸಿಯಲ್ಲಿ ಇವತ್ತಿಗೂ ಪೂರ್ತಿಯಾಗಿ ಗೊತ್ತಿಲ್ಲ. ಗೊತ್ತಾಗಬಾರದೆಂದು ಅವರು ಪಟ್ಟ ಪಾಡಿನಲ್ಲಿ ಅರ್ಧವನ್ನು ಅವರ ಹೆಂಡತಿ ನೇತ್ರಾ ಹಾಳು ಮಾಡಿದ್ದಾರೆ. ಉಳಿದರ್ಧವನ್ನು ಇಲ್ಲಿ ಹಾಳು ಮಾಡಲಾಗುತ್ತಿದೆ.

ಆ ಭಾನುವಾರ ಗಂಡ ಹೆಂಡತಿ ಯಲ್ಲಾಪುರದಲ್ಲಿ ನರ್ಸ್ ಕೆಲಸದಲ್ಲಿರುವ ಮಗಳ ಮನೆಯಲ್ಲಿ ಉಳಿದು, ಬೆಳಿಗ್ಗೆ ಅಂಕೋಲೆಗೆ ಹೊರಟಿದ್ದರು. ಅಲ್ಲಿ ನೇತ್ರಾರ ಅಣ್ಣನ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ. ಅರಬೈಲ್ ಘಟ್ಟ ಅರ್ಧ ಇಳಿಯುವಷ್ಟರಲ್ಲಿ ಓಮ್ನಿಯ ಹಿಂದಿನ ಎಡಗಡೆ ಚಕ್ರ ನಿಟ್ಟುಸಿರು ಬಿಟ್ಟು ಕೂತಿತು. ಸ್ಟೆಪ್ನಿ ಇತ್ತು. ಅದರಲ್ಲಿ ಗಾಳಿ ಇರಲಿಲ್ಲ. ಇಲ್ಲವೆಂಬುದು ನಾಯ್ಕರಿಗೆ ಕಳೆದ ದೀಪಾವಳಿಯಿಂದಲೂ ಗೊತ್ತಿತ್ತು. ಗೊತ್ತಿರುವ ಕಷ್ಟಕ್ಕೆ ಹೆದರುವ ಜಾಯಮಾನ ಅವರದಲ್ಲ.

ಪುಣ್ಯಕ್ಕೆ ತಿರುವಿನಾಚೆಗೇ ಬಸ್ತ್ಯಾಂವನ ಪಂಕ್ಚರ್ ಅಂಗಡಿ. ಗಾಡಿಯನ್ನು ಕುಂಟಿಸಿಕೊಂಡು ಹೋಗಿ ನೋಡಿದರೆ ಬಾಗಿಲು ಮುಚ್ಚಿದೆ. ಎದುರಿಗೆ ಒಂದು ಲಾರಿ, ಅದರ ಪಕ್ಕದ ಕಲ್ಲಿನ ಮೇಲೆ ಹಾವೇರಿ ಕಡೆಯ ಡ್ರೈವರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಚರ್ಚಿಗೆ ಹೋಗ್ಯಾನ್ರಿ," ಎಂದ. "ಅಲ್ಲೇ ಮ್ಯಾಲೆ. ನಾ ಕುಂತು ಕುಂತು ಎರಡನೇ ಎಲಿ ಹಾಕೂದಾತು. ನೀವರ ಹೋಗಿ ಕರ್ಕೊಂಡ ಬರ್ರಿ."

ಮಂಜು ಅರಬೈಲಿಗೆ ಬರುವುದು ಕೆಳಗಿನಿಂದ. ಕಣಿವೆಯಲ್ಲಿ ಯಾರೋ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಮುಚ್ಚಳ ತೆಗೆದಂತೆ ಎದ್ದು, ಒಂದೊಂದೇ ತಿರುವನ್ನು ನುಂಗುತ್ತ ಹತ್ತುತ್ತದೆ. ಗಂಡ ಹೆಂಡತಿ ಅಂಗಡಿಯ ಹಿಂದಿನ ಕಾಲುದಾರಿ ಹತ್ತುವಾಗ ಅದೂ ಜೊತೆಗೇ ಹತ್ತಿತು. ನೇತ್ರಾರ ಸೀರೆಯ ನೆರಿಗೆ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಮೇಲೆಲ್ಲೋ ಗಂಟೆ ಬಾರಿಸಿದರು. ಅದು ಗಂಟೆಯ ಹಾಗೆ ಕೇಳಿಸಲಿಲ್ಲ; ಒಡೆದ ಮಡಕೆಗೆ ಸೌಟಿನಿಂದ ತಟ್ಟಿದ ಹಾಗೆ ಡಪ್ ಎಂದಿತು.

ಇಗರ್ಜಿಯ ಅಂಗಳ ತಲುಪಿದ್ದೇ ತಡ, ನಾಯ್ಕರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಘಟ್ಟದಲ್ಲಿ ಎಲ್ಲಿಯೂ ಸಿಗದ ನೆಟ್‌ವರ್ಕು ದೇವರ ಅಂಗಳದಲ್ಲಿ ಮಾತ್ರ ಸಿಗುತ್ತದೆ. ಆ ಕಡೆ ಮನ್ಮನೆಯ ಭಾವ ಮನೋಹರ. ಶಿರಸಿಯಲ್ಲಿ ನಿನ್ನೆ ಕಾಳುಮೆಣಸು ಕ್ವಿಂಟಲಿಗೆ ಎಷ್ಟು ಹೋಯಿತು ಎಂದು ಕೇಳುತ್ತಿದ್ದ. ದನಿ ಬಂದು ಹೋಗಿ ಮಾಡುತ್ತಿತ್ತು. ಒಂದು ಕಿವಿ ಮುಚ್ಚಿಕೊಂಡು ನಾಯ್ಕರು ಗಂಟಲು ಹರಿಯುವ ಹಾಗೆ ಕೂಗಿದರು:

"ಅರವತ್ತೆರಡು ಸಾವಿರ."

ಮಂಜಿನೊಳಗಿಂದ ಒಂದೊಂದಾಗಿ ಮುಖಗಳು ತಿರುಗಿದವು. ಆಗ ನಾಯ್ಕರಿಗೆ ಕಂಡಿತು: ಇಗರ್ಜಿಯ ಮೆಟ್ಟಿಲ ಮೇಲೆ ಬಸ್ತ್ಯಾಂವ ನಿಂತಿದ್ದಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರುಗಳಲ್ಲಿ ಮಾತ್ರ ಅದೇ ಗ್ರೀಸು. ತಲೆಯ ಮೇಲೆ ಎರಡೂ ಕೈಯಲ್ಲಿ ಒಂದು ಸಿಹಿಗುಂಬಳವನ್ನು ಎತ್ತಿ ಹಿಡಿದಿದ್ದಾನೆ, ಬೆಳಗಾದರೂ ಮುಳುಗದ ಚಂದ್ರನನ್ನು ಕಿತ್ತುಕೊಂಡು ಬಂದವರ ಹಾಗೆ.

"ಮುನ್ನೂರ ನಲವತ್ತರಿಂದ ಅರವತ್ತೆರಡು ಸಾವಿರ," ಎಂದ ಬಸ್ತ್ಯಾಂವ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಹಿಂದೆ ನಿಂತ ಯಜಮಾನ್ರು. ಒಂದು ಸಲ."

"ಅಲ್ಲ ಅಲ್ಲ, ಅದು ಮೆಣಸು," ಎಂದರು ನಾಯ್ಕರು.

"ಇದು ಕುಂಬಳ. ಮೆಣಸು ಇನ್ನೂ ಲಿಲಾವಿಗೆ ಬರ್ಲಿಲ್ಲ." ಬಸ್ತ್ಯಾಂವ ಕಣ್ಣು ಕಿರಿದು ಮಾಡಿ ನೋಡಿದ. "ಓ, ಕೋಲಸಿರ್ಸಿ ನಾಯ್ಕ್ರು. ಈ ಸಲನೂ ಹಿಂದಿನ ಎಡಗಡೆ ಚಕ್ರ ಅಲ್ವ? ಪರಿಚಯದವ್ರು, ಎರಡು ಸೊನ್ನೆ ಬಿಟ್ಟುಕೊಡ್ತೆ. ಆರ್ನೂರ ಇಪ್ಪತ್ತು. ಎರಡು ಸಲ. ಮೂರು ಸಲ."

ಕುಂಬಳ ಜನರ ತಲೆಯ ಮೇಲಿಂದ ಕೈ ಬದಲಾಯಿಸುತ್ತ ಬಂದು ನಾಯ್ಕರ ತೋಳಿನಲ್ಲಿ ಮಲಗಿತು. ನೇತ್ರಾ ಅದರ ಬೆನ್ನು ತಟ್ಟಿ ನೋಡಿ, "ಇನ್ನು ಅಂಕೋಲೇಲಿ ತೊಟ್ಟಿಲಿಗೆ ಹಾಕೂಕೆ ನಮ್ದೂ ಒಂದು ಆಯ್ತು," ಎಂದರು.

"ಬಸ್ತ್ಯಾಂವಣ್ಣ, ನಮ್ಮ ಚಕ್ರ..."

"ಲಿಲಾವು ಮುಗೀಲಿ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುದುಕಿಯೊಬ್ಬರು ಸರಿದು ಜಾಗ ಕೊಟ್ಟರು. ಹೆಸರು ನತಾಲ್‌ಬಾಯಿ. ಕೇಳದೆಯೇ ಎಲ್ಲ ಹೇಳುವ ಪೈಕಿ. ಹೊಸ ತೆನೆಯ ಹಬ್ಬವಂತೆ. ಗದ್ದೆಯ ಮೊದಲ ತೆನೆಯ ಜೊತೆ ಪ್ರತಿ ಮನೆಯವರೂ ಹಿತ್ತಲಿನ ಮೊದಲ ಫಸಲು ತಂದು ದೇವರ ಮುಂದಿಡುತ್ತಾರೆ. ಪೂಜೆ ಮುಗಿದ ಮೇಲೆ ಅದರ ಲಿಲಾವು, ಅಂದರೆ ಹರಾಜು. ಇಲ್ಲಿಯ ದರಕ್ಕೂ ಸಂತೆಯ ದರಕ್ಕೂ ಸಂಬಂಧವಿಲ್ಲ. ಒಂದು ಲಿಂಬೆಹಣ್ಣು ಐನೂರಕ್ಕೆ ಹೋದದ್ದುಂಟು. ಕೊಂಡವರು ಅದನ್ನು ಮತ್ತೆ ದೇವರಿಗೇ ಕೊಟ್ಟು, ಅದೇ ಲಿಂಬೆಹಣ್ಣು ಮತ್ತೆ ಏಳುನೂರಕ್ಕೆ ಹೋದದ್ದೂ ಉಂಟು.

"ನಿಮ್ಮ ಕುಂಬಳ ಕಡಿಮೆಗೇ ಬಂತು ಬಿಡಿ," ಎಂದರು ನತಾಲ್‌ಬಾಯಿ. "ಈ ಸಲ ಯಾರೂ ಕೂಗ್ತಾ ಇಲ್ಲ. ಅಲ್ಲಿ ನೋಡಿ, ತಂದದ್ದಾದ್ರೂ ಎಂತ."

ಮೇಜಿನ ಮೇಲೆ ಬೆರಳು ಗಾತ್ರದ ಸೌತೆಕಾಯಿ, ಎರಡು ಹಾಗಲ, ಯಾರೋ ಬೇಸರದಿಂದ ಕಿತ್ತಂತಿದ್ದ ಬಾಳೆಗೊನೆಯ ಒಂದು ಚಿಪ್ಪು. ಹದಿನೈದು ವರ್ಷದಿಂದ ಈ ಘಟ್ಟದಲ್ಲಿ ಪಂಕ್ಚರ್ ಹಾಕಿಸುತ್ತಿದ್ದರೂ ಬಸ್ತ್ಯಾಂವ ಲಿಲಾವು ಕೂಗುವವನೆಂದು ನಾಯ್ಕರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಬಸ್ತ್ಯಾಂವ ಹಳೇ ಟೈರುಗಳ ರಾಶಿಯ ಮೇಲೆ ಕೂತು ಮಂಜು ನೋಡುವ ಮನುಷ್ಯ. ಚಕ್ರ ಬಿಚ್ಚಿ, ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದನ್ನು ನೋಡುತ್ತ ನೋಡುತ್ತ ಯಾತಕ್ಕೆ ಮುಳುಗಿಸಿದೆನೆಂಬುದನ್ನೇ ಮರೆತುಬಿಡುವವ. ಒಮ್ಮೆ ನಾಯ್ಕರು ಕೆಮ್ಮಿ ಎಚ್ಚರಿಸಿದಾಗ, "ಇಲ್ಲ ಇಲ್ಲ, ನೋಡ್ತಾ ಇದ್ದೆ. ಚಂದ ಬರ್ತಾ ಇದ್ದವು," ಎಂದಿದ್ದ. ಮನೆಯ ವ್ಯವಹಾರವೆಲ್ಲ ಹೆಂಡತಿ ಕಾರ್ಮಿಣಳದು. ಗಿರಾಕಿ ಕೊಟ್ಟದ್ದನ್ನು ಎಣಿಸದೆ ಡಬ್ಬಿಗೆ ಹಾಕುತ್ತಿದ್ದ. ಡಬ್ಬಿಯಿಂದ ಅದು ಎಲ್ಲಿಗೆ ಹೋಗುತ್ತದೆಂದು ಕೇಳಿದವನಲ್ಲ.

ಆ ಗಂಟಲು ಎಲ್ಲಿಂದ ಬಂತೆಂದು ನತಾಲ್‌ಬಾಯಿಯೇ ಹೇಳಿದರು. ಬಸ್ತ್ಯಾಂವ ಮೀಸೆ ಮೂಡುವ ಮೊದಲೇ ಲಾರಿಯ ಕ್ಲೀನರಾದವ. ಆಗ ಘಟ್ಟದ ರಸ್ತೆ ಇಷ್ಟು ಅಗಲವಿರಲಿಲ್ಲ. ಮಂಜು ಕವಿದರೆ ಕ್ಲೀನರು ಇಳಿದು ಲಾರಿಯ ಮುಂದೆ ನಡೆಯಬೇಕು, ಕೂಗುತ್ತ ನಡೆಯಬೇಕು. ಡ್ರೈವರಿಗೆ ರಸ್ತೆಯೂ ಕಾಣದು, ಕ್ಲೀನರೂ ಕಾಣ. ಕೂಗನ್ನೇ ಹಿಡಿದು ಸ್ಟೇರಿಂಗ್ ತಿರುಗಿಸಬೇಕು. ಬರ್ಲಿ, ಬರ್ಲಿ, ಬಲಕ್ಕೆ ಬರ್ಲಿ, ಸಾಕು. ಹಾಗೆ ಲೋಡುಗಟ್ಟಲೆ ಅದಿರನ್ನೂ ಅಕ್ಕಿಯನ್ನೂ ಬರಿಯ ದನಿಯಿಂದ ಅಂಕೋಲೆಗೆ ಇಳಿಸಿದವ ಅವನು.

ಕೇಳುತ್ತ ಕೇಳುತ್ತ ನಾಯ್ಕರಿಗೆ ಜೋಂಪು ಹತ್ತಿತು. ಹಸಿವು, ಮಂಜು, ತೋಳಿನಲ್ಲಿ ತಣ್ಣಗಿನ ಕುಂಬಳ. ಕಣ್ಣು ಮುಚ್ಚಿದರೆ ಬಿಳಿ ಬಿಳಿಯಾದ ಒಂದು ದಾರಿ, ಅದರಲ್ಲಿ ಮುಂದೆಲ್ಲೋ ಒಬ್ಬ ಹುಡುಗ ಕೂಗುತ್ತ ನಡೆಯುತ್ತಿದ್ದಾನೆ, ಹಿಂದೆ ಇಡೀ ಇಗರ್ಜಿ ಗಾಲಿ ಹಚ್ಚಿಕೊಂಡು ಮೆಲ್ಲಗೆ ಇಳಿಯುತ್ತಿದೆ. ನೇತ್ರಾ ತಿವಿದಾಗ ಎಚ್ಚರಾಯಿತು.

"ಕೇಳಿ, ಕೇಳಿ. ನಿಮ್ಗೂ ಬೇಕಾದ ವಿಷಯ."

ನತಾಲ್‌ಬಾಯಿ ದನಿ ತಗ್ಗಿಸಿದ್ದರು. ಗಂಟೆ ಬಿರುಕು ಬಿಟ್ಟಿದೆ. ಹೊಸ ಗಂಟೆಗೆಂದು ಹೋದ ವರ್ಷದ ಲಿಲಾವಿನಲ್ಲಿ ಜನ ಮುಗಿಬಿದ್ದು ಕೂಗಿದರು, ತೊಂಬತ್ತು ಸಾವಿರವಾಯಿತು. ಗಂಟೆ ಬರಲಿಲ್ಲ. ಕೇಳಿದರೆ ಫಾದರ್ ಎವರಿಸ್ಟ್ ಹೇಳಿದ್ದು ಒಂದೇ ಮಾತು, "ಕೆಲಸ ನಡೀತಾ ಇದೆ." ಇನ್ನೊಮ್ಮೆ ಕೇಳಿದರೆ, "ಲೆಕ್ಕ ಮೇಲಿನವರಿಗೆ ಕಳಿಸಿದ್ದೇನೆ." ಅಷ್ಟರಲ್ಲಿ ಹೊನ್ನಾವರದಲ್ಲಿ ಫಾದರಿನ ತಮ್ಮ ಮನೆಯ ಮೇಲೆ ಮಾಳಿಗೆ ಎತ್ತಿದ. ಎರಡನ್ನೂ ಗಂಟು ಹಾಕುವುದಕ್ಕೆ ಊರಿನವರಿಗೆ ಎಷ್ಟು ಹೊತ್ತು ಬೇಕು. ಈ ಫಾದರನ್ನು ಬದಲಾಯಿಸಿ ಎಂದು ಬಿಷಪರಿಗೆ ಹೇಳುವುದೆಂದು ಡಿಪೋದಲ್ಲಿ ಕೆಲಸಕ್ಕಿರುವ ಜುವಾಂವ ಮುಂದಾಗಿ ಜನ ಕೂಡಿಸುತ್ತಿದ್ದಾನೆ. ಇವತ್ತು ಮಧ್ಯಾಹ್ನವೇ ತೀರ್ಮಾನ.

"ಬಸ್ತ್ಯಾಂವ ಎಂತ ಹೇಳ್ತಾನೆ?" ಎಂದು ನೇತ್ರಾ ಕೇಳಿದರು.

"ಅಂವಗೆ ಫಾದರ್ ಅಂದ್ರೆ ಜೀವ. ಆದ್ರೆ ಆ ತೊಂಬತ್ತು ಸಾವಿರ ಅಂವನ ಗಂಟಲಿಂದ ಬಂದದ್ದು ನೋಡಿ. ಸಂತೇಲಿ ಜನ ಅಂವನ್ನೇ ಕೇಳ್ತಾರೆ, ಏನಯ್ಯ, ನಿನ್ನ ಪಾಲೆಷ್ಟು ಅಂತ. ಎಲ್ಲರೆದುರು ಲೆಕ್ಕ ಹೇಳಿ, ಇಲ್ಲದಿದ್ರೆ ಈ ವರ್ಷ ನಾ ಕೂಗೂದಿಲ್ಲ ಅಂದನಂತೆ. ಫಾದರ್ ಸುಮ್ನೆ ಒಳಗೆ ಹೋದ್ರಂತೆ. ಆದ್ರೂ ಇವತ್ತು ಕೂಗ್ತಾ ನಿಂತಿದ್ದಾನೆ, ಎಂತ ಲೆಕ್ಕವೋ."

ನೇತ್ರಾ ಗಂಡನ ಕಡೆ ಒಮ್ಮೆ ನೋಡಿದರು. ನಾಯ್ಕರು ಕೋಲಸಿರ್ಸಿಯ ದೇವಸ್ಥಾನ ಸಮಿತಿಯ ಖಜಾಂಚಿ. ಅಲ್ಲಿಯೂ ವರ್ಷಕ್ಕೊಮ್ಮೆ ಎಲ್ಲರೆದುರು ಲೆಕ್ಕ ಓದುವುದುಂಟು. ಊಟದ ಎಲೆ ಹಾಕಿ, ಅನ್ನ ಬಡಿಸಿ, ಸಾರು ಬರುವ ಹೊತ್ತಿಗೆ ಓದುತ್ತಾರೆ. ಇಲ್ಲಿಯವರೆಗೆ ಯಾರಿಂದಲೂ ಆಕ್ಷೇಪಣೆ ಬಂದಿಲ್ಲ. ನಾಯ್ಕರು ಕುಂಬಳದ ತೊಟ್ಟನ್ನು ಪರೀಕ್ಷಿಸತೊಡಗಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಸ್ತ್ಯಾಂವ ಸೌತೆಕಾಯಿಯನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟ.

"ಇದನ್ನ ಆಮೇಲೆ ನೋಡುವಾ," ಎಂದ. "ಈಗ ಲಿಲಾವಿಗೆ ಬಂದದ್ದು ಹೋದ ವರ್ಷದ ತೊಂಬತ್ತು ಸಾವಿರ. ಇದು ಮೇಲೆ ಹತ್ತುವ ಲಿಲಾವಲ್ಲ, ಕೆಳಗಿಳಿಯೂದು. ಫಾದರ್ ಒಂದೊಂದೇ ಖರ್ಚು ಹೇಳ್ತಾರೆ. ಅದ್ಕಿಂತ ಕಡಿಮೆಗೆ ಆಗ್ತಿತ್ತು ಅನ್ನುವವ್ರು ಕೂಗ್ಬೇಕು. ಮೂರು ಸಲದೊಳಗೆ ಕೂಗದಿದ್ರೆ ಆ ಖರ್ಚು ಸರಿ. ಆಮೇಲೆ ಚಹಾದಂಗಡಿಲಿ ಮಾತಾಡೂಕಿಲ್ಲ."

ಫಾದರ್ ಎವರಿಸ್ಟ್ ಬಾಗಿಲಲ್ಲಿ ನಿಂತಿದ್ದರು. ಬಿಳಿ ನಿಲುವಂಗಿಯ ಉದ್ದನೆಯ ಮನುಷ್ಯ. ಮಂಜಿನಲ್ಲಿ ಅವರ ಕನ್ನಡಕ ಮಾತ್ರ ಬೇರೆಯಾಗಿ ಕಾಣುತ್ತಿತ್ತು.

"ಬಸ್ತ್ಯಾಂವ, ಇದು ಇಗರ್ಜಿ," ಎಂದರು ಮೆಲ್ಲಗೆ.

"ಹೌದು ಫಾದರ್. ನಾ ಮಂಜಲ್ಲಿ ಕೂಗ್ತಾ ನಡೀತಿದ್ದೆ. ಒಂದು ಸಲ ನೆಗಡಿಯಾಗಿ ಗಂಟಲು ಕಟ್ಟಿ ಸುಮ್ನಾದೆ. ಡ್ರೈವರು ಬ್ರೇಕ್ ಹಾಕಿದ. ಅಂವಗೆ ನನ್ನ ಮೇಲೆ ಸಿಟ್ಟೇನಿರ್ಲಿಲ್ಲ. ದನಿ ಕೇಳ್ಲಿಲ್ಲ, ಹಾಕಿದ." ಬಸ್ತ್ಯಾಂವ ಜನರ ಕಡೆ ಕೈ ತೋರಿಸಿದ. "ಇವ್ರೂ ಬ್ರೇಕ್ ಹಾಕಿದ್ದು ಅಷ್ಟೇ. ನೀವು ಹೇಳಿ, ನಾ ಕೂಗ್ತೆ."

ಮರದಿಂದ ಮಂಜಿನ ಹನಿ ಹೆಂಚಿನ ಮೇಲೆ ಬೀಳುವುದು ಕೇಳಿಸುತ್ತಿತ್ತು. ಕೊನೆಗೆ ಫಾದರ್ ಮೆಟ್ಟಿಲಿಳಿದು ಬಸ್ತ್ಯಾಂವನ ಪಕ್ಕ ನಿಂತರು.

"ಗಂಟೆ ತೂಗಬೇಕಾದ ತೊಲೆಯೇ ಗೆದ್ದಲು ಹಿಡಿದಿತ್ತು," ಎಂದರು. "ಅದನ್ನು ಬಿಚ್ಚಿದರೆ ಪಕ್ಕದ್ದೂ ಹಾಗೇ. ತೊಲೆ, ರೀಪು, ಹೆಂಚು, ಕೂಲಿ ಎಲ್ಲ ಸೇರಿ ನಲವತ್ತೆಂಟು ಸಾವಿರ."

"ತೊಲೆ ಹೆಂಚು ನಲವತ್ತೆಂಟು. ಕಡಿಮೆ ಯಾರು? ಒಂದು ಸಲ. ಎರಡು ಸಲ." ಎಲ್ಲರೂ ತೆರೆದ ಬಾಗಿಲೊಳಗೆ ತಲೆಯೆತ್ತಿ ಮಾಡು ನೋಡಿದರು. ಹೊಸ ತೊಲೆ ಅಲ್ಲೇ ಇತ್ತು. ವರ್ಷವಿಡೀ ಅದರ ಕೆಳಗೇ ಮೊಣಕಾಲೂರಿದ್ದರು. "ಮೂರು ಸಲ."

"ವೈರಿಂಗ್ ಹತ್ತೊಂಬತ್ತು ಸಾವಿರ."

"ಹದಿನಾರಕ್ಕೆ ಆಗ್ತಿತ್ತು," ಎಂದು ಜುವಾಂವನ ದನಿ ಬಂತು.

"ಹದಿನಾರು, ಜುವಾಂವ. ಒಂದು ಸಲ, ಎರಡು ಸಲ, ಮೂರು ಸಲ. ಬರೂ ವರ್ಷ ಗಂಟೆಗೋಪುರಕ್ಕೆ ಲೈಟು ಹಾಕೂದಿದೆ. ಅದೇ ದರದಲ್ಲಿ ನೀನೇ ಮಾಡ್ಸು."

ಜನ ನಕ್ಕರು. ವರ್ಷದಿಂದ ಆ ಅಂಗಳದಲ್ಲಿ ಕೇಳದಿದ್ದ ನಗು ಅದು ಎಂದು ನತಾಲ್‌ಬಾಯಿ ಆಮೇಲೆ ಹೇಳಿದರು. ಜುವಾಂವನೂ ನಗಬೇಕಾಯಿತು, ಸ್ವಲ್ಪ ತಡವಾಗಿ.

"ಬ್ಯಾಂಕಿನಲ್ಲಿ ಮೂರು ಸಾವಿರ ಇದೆ," ಎಂದರು ಫಾದರ್. ಅಲ್ಲಿಗೆ ನಿಲ್ಲಿಸಿದರು.

ಬಸ್ತ್ಯಾಂವ ಬೆರಳು ಮಡಚಿ ಎಣಿಸಿದ. "ಎಪ್ಪತ್ತಾಯ್ತು ಫಾದರ್. ಇಪ್ಪತ್ತು ಉಳೀತು."

ಫಾದರ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. "ಅದೊಂದನ್ನು ಹೇಳುವುದಕ್ಕಾಗುವುದಿಲ್ಲ. ಒಬ್ಬರಿಗೆ ಮಾತು ಕೊಟ್ಟಿದ್ದೇನೆ."

ಅಂಗಳದ ನಗು ಆರಿಹೋಯಿತು. ಜುವಾಂವ ಪಕ್ಕದವನ ಕಿವಿಗೆ ಬಾಗಿದ. ಹೊನ್ನಾವರ ಎಂಬ ಶಬ್ದ ಮಂಜಿನಲ್ಲಿ ಸೊಳ್ಳೆಯ ಹಾಗೆ ಸುತ್ತಿತು. ನಾಯ್ಕರಿಗೆ ಆ ಕ್ಷಣ ಚಕ್ರವೂ ಮರೆತಿತ್ತು, ತೊಟ್ಟಿಲೂ ಮರೆತಿತ್ತು. ಬಸ್ತ್ಯಾಂವನ ಮುಖವನ್ನೇ ನೋಡುತ್ತಿದ್ದರು. ನೀರಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೋ ಎಂದು ಕಾಯುವಾಗಿನ ಮುಖ ಅದು. ಆದರೆ ಈ ಸಲ ಕನಸು ಇರಲಿಲ್ಲ.

"ಇಪ್ಪತ್ತು ಸಾವಿರ," ಎಂದು ಅವನು ಕೂಗಿದ. ದನಿ ಸ್ವಲ್ಪ ಒಡೆಯಿತು, ಅಲ್ಲಿಯ ಗಂಟೆಯ ಹಾಗೆ. "ಯಾರ ಹೆಸರಿಗೂ ಇಲ್ಲ. ಒಂದು ಸಲ. ಎರಡು ಸಲ."

"ನನ್ನ ಹೆಸ್ರಿಗೆ ಹಾಕು," ಎಂದಳು ಹೆಂಗಸರ ಕಡೆಯಿಂದ ಕಾರ್ಮಿಣ.

ಎದ್ದು ನಿಂತಿದ್ದಳು. ತಲೆಯ ಮೇಲಿನ ಸೆರಗನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

"ಹೋದ ವರ್ಷ ಹಬ್ಬ ಮುಗಿದ್ಮೇಲೆ ಬಂದ ಮಳೆಗೆ ಅಂಗಡಿ ಮೇಲೆ ಮರ ಬಿದ್ದು ಗಾಳಿ ಹೊಡಿಯೂ ಮಷೀನು ಅಪ್ಪಚ್ಚಿಯಾಯ್ತಲ್ಲ. ನೀ ಹದಿನೈದು ದಿನ ಟೈರ್ ಮೇಲೆ ಕೂತು ಮಂಜು ನೋಡ್ದೆ. ಮಷೀನು ಬಂತು. ಎಲ್ಲಿಂದ ಬಂತು ಅಂತ ನೀ ಕೇಳ್ದೆ, ಮಹಿಳಾ ಸಂಘದ್ದು ಅಂತ ನಾ ಅಂದೆ. ಸಂಘದ್ದಲ್ಲ. ಫಾದರ್ ಹತ್ರ ನಾ ಹೋಗಿ ಅತ್ತು ಕೇಳ್ದೆ. ಅಂವಗೆ ಹೇಳ್ಬೇಡಿ, ಅಂವ ಮಷೀನು ವಾಪಸ್ ಕೊಟ್ಟು ಮತ್ತೆ ಮಂಜು ನೋಡ್ತಾ ಕೂರ್ತಾನೆ ಅಂದೆ. ತಿಂಗಳಿಗೆ ಸಾವಿರದ ಹಾಗೆ ತೀರಿಸ್ತಾ ಇದ್ದೆ, ಅದು ಫಾದರ್ ಹತ್ರ ಬೇರೆ ಕಟ್ಟಿಟ್ಟಿದೆ. ಹಬ್ಬದ್ದು ಅಂತ ಈ ತಿಂಗಳು ಕೊಡ್ಲಿಲ್ಲ."

ಬಸ್ತ್ಯಾಂವ ಫಾದರಿನ ಕಡೆ ನೋಡಿದ. ಫಾದರ್ ನೆಲ ನೋಡುತ್ತಿದ್ದರು. ಬೆಂಚಿನಿಂದ ನತಾಲ್‌ಬಾಯಿ ಎದ್ದರು.

"ನಮ್ಮ ಗಂಟೆ ಎಲ್ಲಿ ಎಲ್ಲಿ ಅಂತ ಹುಡುಕಿದ್ದೇ ಹುಡುಕಿದ್ದು," ಎಂದರು ಅವರು, ಇಡೀ ಅಂಗಳಕ್ಕೆ ಕೇಳುವ ಹಾಗೆ. "ಅದು ದಿನಾ ಹೈವೇಲಿ ಕೂತು ಬುಸ್ ಬುಸ್ ಅಂತಿತ್ತು. ಫಾದರ್, ಇದನ್ನ ಮೊದ್ಲೇ ಹೇಳಿದ್ರೆ ನಿಮ್ಮ ತಮ್ಮ ಪಾಪ ನಿಶ್ಚಿಂತೆಯಿಂದ ಮಾಳಿಗೆ ಹತ್ತಿ ಮಲಗ್ತಿದ್ದ."

"ತಪ್ಪಾಯಿತು," ಎಂದರು ಫಾದರ್. "ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ನಿಮ್ಮ ದುಡ್ಡನ್ನು ನಿಮ್ಮನ್ನು ಕೇಳದೆ ಕೊಟ್ಟೆ. ಅದು ತಪ್ಪು."

ಬಸ್ತ್ಯಾಂವ ಗಂಟಲು ಸರಿಮಾಡಿಕೊಂಡ. ಎದೆ ತುಂಬ ಉಸಿರೆಳೆದ. ಮತ್ತೆ ಬಂದ ದನಿ ಹಳೆಯದೇ, ಕಣಿವೆಯ ಆಚೆ ದಂಡೆಗೆ ಮುಟ್ಟುವಂಥದು.

"ಗಾಳಿ ಮಷೀನು, ಇಪ್ಪತ್ತು ಸಾವಿರ. ತಕೊಂಡವ್ರು ಬಸ್ತ್ಯಾಂವನ ಮನೆಯವ್ರು. ಅದ್ಕಿಂತ ಕಡಿಮೆಗೆ ಸಿಗ್ತಿತ್ತು ಅನ್ನುವವ್ರು ಯಾರು? ಒಂದು ಸಲ." ಅವನು ಜುವಾಂವನನ್ನೇ ನೋಡಿದ. "ಎರಡು ಸಲ."

ಜುವಾಂವ ಬಾಯಿ ತೆರೆದ, ಸುತ್ತಲಿನ ಮುಖಗಳನ್ನು ನೋಡಿದ, ಮುಚ್ಚಿದ.

"ಮೂರು ಸಲ. ತೀರುವವರೆಗೆ ಮಷೀನು ಇಗರ್ಜಿದು. ಎಷ್ಟು ತೀರ್ತು ಅಂತ ತಿಂಗಳಿಗೊಂದು ಸಲ ನಾನೇ ಇಲ್ಲಿಂದ ಕೂಗ್ತೆ." ಎಂದವನೇ ಬೆರಳು ಗಾತ್ರದ ಸೌತೆಕಾಯಿಯನ್ನು ಕುಂಬಳದಷ್ಟೇ ಗೌರವದಿಂದ ತಲೆಯ ಮೇಲೆ ಎತ್ತಿದ. "ಈಗ ಸೌತೆ. ಐವತ್ತು ರೂಪಾಯಿಂದ ಶುರು."

"ಇನ್ನೂರು," ಎಂದರು ನತಾಲ್‌ಬಾಯಿ.

"ಮುನ್ನೂರು," ಎಂದ ಜುವಾಂವ, ಯಾರ ಮುಖವನ್ನೂ ನೋಡದೆ.

ಆಮೇಲೆ ಅಂಗಳದ ನಾಲ್ಕೂ ಮೂಲೆಯಿಂದ ದನಿಗಳೆದ್ದವು. ಆ ಸೌತೆಕಾಯಿ ಎರಡು ಸಾವಿರದ ನೂರಕ್ಕೆ ಹೋಯಿತು, ಕೊಂಡವರು ಮತ್ತೆ ಕೊಟ್ಟರು, ಮತ್ತೆ ಹೋಯಿತು. ಮಧ್ಯಾಹ್ನ ಕೂಡಬೇಕಿದ್ದ ಸಭೆಯ ಮಾತನ್ನು ಯಾರೂ ಎತ್ತಲಿಲ್ಲ. ಮಂಜು ಹರಿದು ಬಿಸಿಲು ಬರುವಷ್ಟರಲ್ಲಿ ಹೊಸ ತೊಲೆ ಜೇನಿನ ಬಣ್ಣಕ್ಕೆ ತಿರುಗಿತ್ತು. ನಾಯ್ಕರು ತಮ್ಮ ಕುಂಬಳವನ್ನು ಮತ್ತೆ ಲಿಲಾವಿಗೆ ಕೊಡಲು ಎದ್ದರು. ನೇತ್ರಾ ಕೈ ಹಿಡಿದು ಕೂರಿಸಿದರು. "ಬೇಡ. ಬರೂ ವರ್ಷ ಲೆಕ್ಕ ಓದುವಾಗ ಇದನ್ನ ನಿಮ್ಮೆದುರಿಗೆ ಇಡೂಕೆ ಬೇಕು. ಸಾರು ಬರೂಕೆ ಮೊದ್ಲು."

ಅಂಗಡಿಗೆ ಇಳಿದಾಗ ಡ್ರೈವರು ಕಲ್ಲಿಗೊರಗಿ ನಿದ್ದೆ ಹೋಗಿದ್ದ. ಬಸ್ತ್ಯಾಂವ ಬಿಳಿ ಅಂಗಿ ಬಿಚ್ಚಿ ಮೊಳೆಗೆ ತೂಗಿ, ಸ್ವಿಚ್ ಒತ್ತಿದ. ಮಷೀನು ಒಮ್ಮೆ ಕೆಮ್ಮಿ, ಬುಸ್ ಬುಸ್ ಎಂದು ಉಸಿರಾಡತೊಡಗಿತು. ಅವನು ಅದರ ಮುಂದೆ ಬಗ್ಗಿದ. ಮುಟ್ಟಿ ನೋಡಿದ. ವರ್ಷದಿಂದ ಅಲ್ಲೇ ಇದ್ದ ಮಷೀನನ್ನು ಅವನು ನೋಡಿದ್ದು ಅದೇ ಮೊದಲೇನೋ ಅನ್ನಿಸಿತು ನಾಯ್ಕರಿಗೆ. ಚಕ್ರ ಬಿಚ್ಚಿದ, ಟ್ಯೂಬು ತೆಗೆದ, ನೀರಿಗಿಳಿಸಿದ. ಗುಳ್ಳೆಗಳು ಎದ್ದವು. ಈ ಸಲ ನಾಯ್ಕರೂ ನೇತ್ರಾರೂ ಬಗ್ಗಿ ನೋಡಿದರು. ನಿಜಕ್ಕೂ ಚಂದ ಬರುತ್ತಿದ್ದವು. ಕೆಮ್ಮಬೇಕೆಂದು ಯಾರಿಗೂ ತೋಚಲಿಲ್ಲ.

ತೇಪೆ ಹಾಕಿ ಚಕ್ರ ಕೂರಿಸಿದ ಮೇಲೆ ಬಸ್ತ್ಯಾಂವ ಕೇಳದೆಯೇ ಉಳಿದ ಮೂರಕ್ಕೂ, ದೀಪಾವಳಿಯಿಂದ ಮಲಗಿದ್ದ ಸ್ಟೆಪ್ನಿಗೂ ಗಾಳಿ ತುಂಬಿದ. ನಾಯ್ಕರು ಪರ್ಸು ತೆಗೆದರು.

"ಎಷ್ಟಾಯ್ತು ಬಸ್ತ್ಯಾಂವಣ್ಣ?"

"ಪಂಕ್ಚರಿಗೆ ನೂರಾ ಇಪ್ಪತ್ತು."

"ಮತ್ತೆ ಗಾಳಿಗೆ?"

ಬಸ್ತ್ಯಾಂವ ಪೈಪು ಸುತ್ತಿ ಮೊಳೆಗೆ ಹಾಕಿದ.

"ಗಾಳಿ ಇಗರ್ಜಿದು. ಅದನ್ನ ಮೇಲೆ ಹೋಗಿ ಫಾದರನ್ನ ಕೇಳಿ."